ಕೇರಿಯಿಂದ ಶುರುವಾದ ತಮಟೆ

ಕಂದಾಯ ಇಲಾಖೆಗೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಪಹಣಿ ತಿದ್ದುಪಡಿ ಹೇಗೆ, ಚುನಾವಣೆ ಕೆಲಸದಲ್ಲಿ ತಲೆ ಉಳಿಸಿಕೊಳ್ಳುವುದು ಹೇಗೆ, ಸಿಡುಕಿನ ಸಾಹೇಬರ ಹತ್ತಿರ ಏಗುವುದು ಹೇಗೆ ಎಂದೆಲ್ಲ ಕೇಳುತ್ತಾರೆ. ವಿಪತ್ತು ಯೋಜನೆ ಬರೆಯುವುದು ಹೇಗೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಆ ಕಡತ ಮೇಜಿಗೆ ಬಂದರೆ ಇನ್ನೊಬ್ಬರ ಮೇಜಿಗೆ ತಳ್ಳುವುದು ಹೇಗೆ ಎಂದು ಮಾತ್ರ ಒಬ್ಬ ಕೇಳಿದ್ದ. ಅವನಿಗೆ ಕಾಫಿ ಕೊಟ್ಟು ಕಳಿಸಿದೆ. ಅವನಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಪಾಂಡವಪುರದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿನ ಕಾಗದ ನಮ್ಮಲ್ಲಿಗೇ ಬರುತ್ತಿತ್ತು. ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ಉಪವಿಭಾಗದಲ್ಲಿ ಅಪಾಯಕಾರಿ ರಾಸಾಯನಿಕಗಳು ಎಲ್ಲೆಲ್ಲಿವೆ, ಯಾವ ಸೇತುವೆ, ಯಾವ ನಾಲೆ ಏರಿ, ಯಾವ ಪೈಪು ಕೈಕೊಡಬಹುದು, ಕೈಕೊಟ್ಟರೆ ಜನರಿಗೆ ಯಾರು ಹೇಗೆ ತಿಳಿಸಬೇಕು, ಎಲ್ಲಿಗೆ ಕಳಿಸಬೇಕು, ಇಷ್ಟನ್ನೂ ಯೋಜನೆ ಮಾಡಿ ಕಳಿಸಿ ಎಂದಿತ್ತು. ಕಾಗದ ಒಂದು ವಾರ ಮೇಜಿನಿಂದ ಮೇಜಿಗೆ ಅಲೆಯಿತು. ಕೊನೆಗೆ ಶಿರಸ್ತೇದಾರರು ನನ್ನ ಕಡೆ ನೋಡಿ, ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು ನೀನೊಬ್ಬನೇ ಅಲ್ಲವೇನಯ್ಯಾ ಎಂದರು. ಆ ವಿಷಯದಲ್ಲಿ ನಾನು ಎರಡನೇ ಸಲಕ್ಕೆ ಪಾಸಾದದ್ದು ಅವರಿಗೆ ಗೊತ್ತಿರಲಿಲ್ಲ.

ನನ್ನ ಮೊದಲ ಎಡವಟ್ಟು ಅಲ್ಲಿಂದಲೇ ಶುರು. ಕರಾವಳಿ ಕಡೆಯ ಕಚೇರಿಯೊಂದು ಆಗಲೇ ಯೋಜನೆ ಮಾಡಿ ಮುಗಿಸಿದೆ ಎಂದು ತಿಳಿದು, ಅದರ ಪ್ರತಿ ತರಿಸಿ, ಊರುಗಳ ಹೆಸರು ಬದಲಾಯಿಸಿ, ಟೈಪು ಮಾಡಿಸಿ ಸಾಹೇಬರ ಸಹಿಗೆ ಇಟ್ಟೆ. ಎರಡೇ ದಿನದಲ್ಲಿ ಕೆಲಸ ಮುಗಿಯಿತೆಂದು ಬೀಗುತ್ತಿದ್ದೆ. ಆಗಿನ ಎ.ಸಿ. ಸಾಹೇಬರು ಕೆಳಗಿನಿಂದ ಬಡ್ತಿ ಪಡೆದು ಬಂದವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಯಾವ ಕಾಗದವನ್ನೂ ಓದದೆ ಸಹಿ ಹಾಕುತ್ತಿರಲಿಲ್ಲ. ಅದೊಂದೇ ಅವರ ದೋಷ ಎಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಸಂಜೆ ಕರೆ ಬಂತು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬಿರುಗಾಳಿ ಬಂದಾಗ ಕೆ.ಆರ್. ಪೇಟೆಯ ಮೀನುಗಾರರು ಸಮುದ್ರಕ್ಕೆ ಇಳಿಯಬಾರದು ಅಂತ ಬರೆದಿದ್ದೀರಿ. ನಾನು ಆ ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದೆ. ಸಮುದ್ರ ಯಾವ ಹೋಬಳೀಲಿ ಬರುತ್ತೆ?" ಎಂದರು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸಾಹೇಬರು ಬಯ್ಯಲಿಲ್ಲ. ಕಾಗದಗಳನ್ನು ನನ್ನ ಕೈಗೇ ಕೊಟ್ಟು, ನೀವು ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯಿರಿ, ನೋಡದ್ದನ್ನು ಬರೆಯಬೇಡಿ, ಎಷ್ಟು ದಿನವಾದರೂ ಆಗಲಿ ಎಂದರು. ನನ್ನ ಇಡೀ ನೌಕರಿಯಲ್ಲಿ ಮೇಲಿನವರು ಕೊಟ್ಟ ಆದೇಶಗಳಲ್ಲಿ ನನಗೆ ಬಾಯಿಪಾಠವಾಗಿರುವುದು ಇದೊಂದೇ.

ಆದರೂ ಸೋಮಾರಿತನ ಒಂದೇ ಸಲಕ್ಕೆ ಬಿಡುವುದಿಲ್ಲ. ನಮೂನೆಯೊಂದನ್ನು ತಯಾರಿಸಿ ನಾಲ್ಕೂ ತಾಲ್ಲೂಕು ಕಚೇರಿಯ ಮೂಲಕ ಊರೂರಿಗೂ ಕಳಿಸಿದೆ. ನಿಮ್ಮಲ್ಲಿ ಅಪಾಯಕಾರಿ ರಾಸಾಯನಿಕ ಇದೆಯೇ ಎಂಬ ಪ್ರಶ್ನೆಯ ಎದುರು ಎಲ್ಲ ಕಡೆಯಿಂದಲೂ "ಇಲ್ಲ" ಎಂದು ಬಂತು. ನಾಗಮಂಗಲದವರು ಒಂದು ಸಾಲು ಹೆಚ್ಚಿಗೆ ಬರೆದಿದ್ದರು. ಇಂಥ ಪದಾರ್ಥಗಳ ಟ್ಯಾಂಕರುಗಳು ನಮ್ಮ ತಾಲ್ಲೂಕಿನಲ್ಲಿ ಹಾದುಹೋಗುತ್ತವೆಯೇ ಹೊರತು ಇರುವುದಿಲ್ಲ ಎಂದು. ನಾನೂ ಅದನ್ನು ನಂಬಿದವನೇ. ಆಮೇಲೊಂದು ಮಧ್ಯಾಹ್ನ ಆ ಕಡೆಯ ಹೆದ್ದಾರಿಯಲ್ಲಿ ಬಸ್ಸಿಳಿದು ನೋಡಿದರೆ, ಊಟದ ಹೋಟೆಲಿನ ಮುಂದೆ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಒಂದರ ನೆರಳಲ್ಲಿ ಹೋಟೆಲಿನ ಸೌದೆ ಒಲೆ ಧಗಧಗ ಉರಿಯುತ್ತಿತ್ತು. ಡ್ರೈವರನನ್ನು ಒಳಗೇನಿದೆ ಎಂದು ಕೇಳಿದೆ. ಬೋರ್ಡಿನಲ್ಲಿ ಬರೆದದೆ, ಓದ್ಕಳಿ ಎಂದು ಊಟಕ್ಕೆ ಹೋದ. ಬೋರ್ಡು ಓದಿದ ಮೇಲೆ ನಾನು ಅಲ್ಲಿ ಊಟ ಮಾಡಲಿಲ್ಲ. ಹೋಟೆಲಿನವರು ಒಲೆಯನ್ನು ಹಿತ್ತಲಿಗೆ ಸಾಗಿಸುವವರೆಗೆ ನಾಲ್ಕು ಸಲ ಹೋಗಿ ಬಂದೆ.

ಕೆ.ಆರ್. ಪೇಟೆ ತಾಲ್ಲೂಕಿನ ಆಲೆಮನೆಯೊಂದು ನನಗೆ ಎರಡನೆಯ ಪಾಠ ಕಲಿಸಿತು. ಸಂತೆಬಾಚಹಳ್ಳಿ ಕಡೆಗೆ ಕೆರೆ ಏರಿ ನೋಡಲು ಹೊರಟಿದ್ದೆ. ಮಳೆ ಬಂತೆಂದು ದಾರಿಯ ಆಲೆಮನೆಗೆ ನುಗ್ಗಿದೆ. ಬೆಲ್ಲ ಬೆಳ್ಳಗಾಗಲಿ ಎಂದು ಪಾಕಕ್ಕೆ ಹಾಕುವ ಹೈಡ್ರಾಸ್ ಪುಡಿಯ ಡಬ್ಬ ಮೂಲೆಯಲ್ಲಿತ್ತು. ಮುಚ್ಚಳ ಸರಿಯಿರಲಿಲ್ಲ. ಮೇಲಿನ ಶೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾವು ನೋಡುತ್ತಿದ್ದಂತೆ ಡಬ್ಬದಿಂದ ಹೊಗೆ ಎದ್ದಿತು. ಆಲೆಮನೆಯವರು ಯಾರೇ ಆದರೂ ಮಾಡುವುದನ್ನೇ ಮಾಡಿದರು, ಬಿಂದಿಗೆ ನೀರು ತಂದು ಸುರಿದರು. ಪುಡಿ ಭಗ್ಗೆಂದು ಹತ್ತಿಕೊಂಡು, ಗಂಟಲು ಸುಡುವ ವಾಸನೆ ಇಡೀ ಚಪ್ಪರ ತುಂಬಿತು. ಎಲ್ಲರೂ ಮಳೆಗೇ ಓಡಿದೆವು. ಅದೃಷ್ಟಕ್ಕೆ ಸುಟ್ಟದ್ದು ಒಂದು ಮೂಲೆ ಮಾತ್ರ. ಅವರ ಊರಿನಿಂದಲೂ ನನ್ನ ನಮೂನೆಗೆ "ಇಲ್ಲ" ಎಂದೇ ಉತ್ತರ ಬಂದಿತ್ತು. ಅವರು ಸುಳ್ಳು ಹೇಳಿರಲಿಲ್ಲ. ದಿನಾ ಕೈಯಲ್ಲಿ ಮುಟ್ಟುವ ಪುಡಿಯನ್ನು ಅಪಾಯಕಾರಿ ರಾಸಾಯನಿಕ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಆಮೇಲೆ ನಾನು ನಮೂನೆ ಕಳಿಸುವುದನ್ನೇ ಬಿಟ್ಟೆ. ಹೋಗಿ ಕೂತು, ಮಾತಾಡಿ, ಮೂಲೆಯಲ್ಲಿ ಏನೇನಿದೆ ಎಂದು ನೋಡಿ ಬರೆದುಕೊಳ್ಳುತ್ತಿದ್ದೆ.

ಹೀಗೆ ಸುತ್ತುತ್ತಾ ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಊರಿಗೆ ಹೋದೆ. ಹೆಸರು ಬೇಡ, ಕೊಪ್ಪಲು ಎಂದಿಟ್ಟುಕೊಳ್ಳಿ. ಊರಿನ ಬುಡದಲ್ಲಿ ಹೊಳೆಯಿಂದ ನೀರೆತ್ತಿ ಪೇಟೆಗೆ ಕಳಿಸುವ ಪಂಪ್‌ಹೌಸು. ನೀರು ಶುದ್ಧ ಮಾಡಲು ಅಲ್ಲಿ ಕ್ಲೋರಿನ್ ಅನಿಲದ ದೊಡ್ಡ ಸಿಲಿಂಡರುಗಳಿದ್ದವು. ಆಪರೇಟರ್ ಶಿವಲಿಂಗು ಮೂವತ್ತರ ಆಸುಪಾಸಿನ ಚುರುಕಾದ ಮನುಷ್ಯ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೇಳುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ, ಎದೆಗೆ ಹೋದರೆ ಉಸಿರು ಕಟ್ಟುತ್ತದೆ ಎಂದು ಅವನೇ ಬಿಡಿಸಿ ಹೇಳಿದ. ಸೋರುವ ಸಿಲಿಂಡರನ್ನು ಉರುಳಿಸಿ ಮುಳುಗಿಸಲು ಸುಣ್ಣದ ನೀರಿನ ತೊಟ್ಟಿ ಇರಬೇಕು ಎಂದ. ಎಲ್ಲಿದೆ ಎಂದೆ. ತೋರಿಸಿದ. ತೊಟ್ಟಿ ತುಂಬಾ ತೆಂಗಿನ ಗರಿ ಒಟ್ಟಿದ್ದರು. ಅವನೇ ನಾಚಿಕೊಂಡು, ನಾಳೆಯೇ ತೆಗೆಸ್ತೀನಿ ಸಾರ್ ಎಂದ. ತೆಗೆಸಿದ ಕೂಡ.

ಉಳಿದದ್ದು ಜನರಿಗೆ ತಿಳಿಸುವ ಮಾತು. ಸೈರನ್ನಿಗೆ ಕರೆಂಟು ಬೇಕು. ಕರೆಂಟು ಇರುತ್ತಿದ್ದದ್ದು ಅಷ್ಟಕ್ಕಷ್ಟೆ. ಊರಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಅಂಚೆ ಮನೆಯ ಬೀಗದೊಳಗೆ. ನಾನು ಸಲೀಸಾಗಿ, "ತಮಟೆ ಬಡಿದು ಡಂಗುರ ಸಾರುವ ಮೂಲಕ ಗ್ರಾಮಸ್ಥರನ್ನು ಎಚ್ಚರಿಸತಕ್ಕದ್ದು" ಎಂದು ಬರೆದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಸರ್ಕಾರದ ಯಾವ ಸುದ್ದಿಯಾದರೂ ಹಾಗೇ ಮುಟ್ಟುತ್ತಿದ್ದದ್ದು. ಸಾಹೇಬರು ಓದಿ, ಬರೆದದ್ದು ಸಾಲದು, ಮಾಡಿ ನೋಡಿ ಎಂದರು. ಅಣಕು ಪ್ರದರ್ಶನಕ್ಕೆ ದಿನ ಗೊತ್ತಾಯಿತು.

ಕೊಪ್ಪಲಿನಲ್ಲಿ ತಮಟೆ ಬಡಿಯುತ್ತಿದ್ದವರು ಮಂಚಯ್ಯ. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಊರಿನ ಯಜಮಾನರು ಕೆಂಚೇಗೌಡರು. ಅಣಕಿನ ದಿನ ಬೆಳಿಗ್ಗೆ ಶಿವಲಿಂಗು ಪಂಪ್‌ಹೌಸಿನಿಂದ ಕೂಗಿದ. ಮಂಚಯ್ಯ ತಮಟೆ ಹೆಗಲಿಗೆ ಹಾಕಿಕೊಂಡು ಸೀದಾ ಊರಿನ ತುದಿಯ ಮೇಲುಬೀದಿಗೆ ನಡೆದರು. ಕೆಂಚೇಗೌಡರು ಜಗಲಿಯ ಮೇಲೆ ನಿಧಾನವಾಗಿ ಎಲೆ ಅಡಿಕೆ ಜೋಡಿಸಿ ವೀಳ್ಯ ಕೊಟ್ಟರು. ವೀಳ್ಯ ಸಿಗದೆ ಆ ಊರಿನಲ್ಲಿ ತಮಟೆಗೆ ಕೈ ಬೀಳುತ್ತಿರಲಿಲ್ಲ. ಅಲ್ಲಿಂದ ಶುರುವಾದ ಡಂಗುರ ಮೇಲುಬೀದಿ, ನಡುಬೀದಿ, ಚಾವಡಿ ದಾಟಿ ಒಂದೊಂದೇ ತಿರುವಿನಲ್ಲಿ ನಿಂತು ಕೆಳಗಿಳಿಯಿತು. ಜನ ಬಾಗಿಲಿಗೆ ಬಂದು, ಯಾರ ಮನೆಗೆ ಗ್ಯಾಸು ಕೊಡ್ತಾರಂತೆ ಎಂದು ವಿಚಾರಿಸಿಕೊಂಡರು. ಕೊನೆಗೆ ಮಂಚಯ್ಯ ತಮ್ಮದೇ ಕೇರಿ ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಅರ್ಧ ಗಂಟೆಯ ಮೇಲಾಗಿತ್ತು. ಕೇರಿ ಇದ್ದದ್ದು ಊರಿನ ಎಲ್ಲಕ್ಕಿಂತ ತಗ್ಗಿನಲ್ಲಿ. ಪಂಪ್‌ಹೌಸಿನ ಬೇಲಿಗೂ ಅದಕ್ಕೂ ನಡುವೆ ಒಂದು ಗದ್ದೆ ಮಾತ್ರ.

ನಾನು ಎಲ್ಲ ಸುಸೂತ್ರವಾಗಿ ಆಯಿತೆಂದು ಟಿಪ್ಪಣಿ ಬರೆಯುತ್ತಿದ್ದೆ. ಮಂಚಯ್ಯ ತಮಟೆ ಕೆಳಗಿಟ್ಟು ಹತ್ತಿರ ಬಂದರು.

"ಸ್ವಾಮಿ, ಒಂದ್ ಮಾತು. ನಾನು ಮೇಲಿಂದ ಸಾರ್ಕೊಂಡು ಇಲ್ಲಿಗ್ ಬರೋ ಒತ್ಗೆ, ಇಲ್ಲಿ ಕೇಳಾಕೆ ಯಾರಿರ್ತಾರೆ?"

ನಾನೂ ಮೇಲುಬೀದಿಯಲ್ಲಿ ಹುಟ್ಟಿದವನೇ. ನಮ್ಮೂರಿನಲ್ಲೂ ಡಂಗುರ ನಮ್ಮ ಮನೆಯ ಮುಂದಿನಿಂದಲೇ ಶುರುವಾಗುತ್ತಿತ್ತು. ಅದು ಎಲ್ಲಿ ಮುಗಿಯುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕಣ್ಣಾರೆ ನೋಡಿ ಬರೆಯುತ್ತೇನೆ ಎಂದು ಮೆರೆಯುತ್ತಿದ್ದವನ ಕಣ್ಣಿಗೆ ಅದೊಂದು ಬಿದ್ದಿರಲಿಲ್ಲ. ಬಹಳ ನಾಚಿಕೆಯಾಯಿತು. ಆ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಡಂಗುರ ಕೇರಿಯಿಂದ ಶುರುವಾಗಲಿ ಎಂದು ಕೆಂಚೇಗೌಡರ ಹತ್ತಿರ ಕೇಳಲು ಹೋದೆ. ಅವರು ಕೆಟ್ಟವರಲ್ಲ. ಆದರೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ತಾತನ ಕಾಲದಿಂದ ನಮ್ಮ ಅಂಗಳದಲ್ಲೇ ವೀಳ್ಯ ಆಗಿ ತಮಟೆ ಹೊರಡುವುದು, ನೀವು ಇವತ್ತು ಬಂದು ನಾಳೆ ವರ್ಗವಾಗಿ ಹೋಗುವವರು, ಊರಿನ ಪದ್ಧತಿ ಮುರಿದು ಹೋಗಬೇಡಿ ಎಂದರು. ಸರ್ಕಾರಿ ಆದೇಶ ಎಂದು ಹೆದರಿಸಿದೆ. ಮಜ್ಜಿಗೆ ಕೊಟ್ಟು ಕಳಿಸಿದರು.

ಸಾಹೇಬರಿಗೆ ಹೇಳಿದೆ. ಅವರು ಆದೇಶ ಹೊರಡಿಸಲಿಲ್ಲ. ಆದೇಶದಿಂದ ಶುರುವಾದ ತಮಟೆ ನಾವು ಜೀಪು ಹತ್ತಿದ ಕೂಡಲೇ ನಿಲ್ಲುತ್ತದೆ, ಅವರ ಕಣ್ಣಿಗೆ ಕಾಣುವ ಹಾಗೆ ಏನಾದರೂ ಮಾಡಿ ಎಂದರು. ದಾರಿ ತೋರಿಸಿದವನು ಶಿವಲಿಂಗು. ಚಳಿಗಾಲದ ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ, ಪಂಪ್‌ಹೌಸಿನ ಬೇಲಿಯ ಪಕ್ಕ ಹಸಿ ಕಬ್ಬಿನ ಸೋಗೆ ಗುಡ್ಡೆ ಹಾಕಿ ಬೆಂಕಿ ಇಟ್ಟ. ಗೌಡರನ್ನು ಅವರದೇ ಜಗಲಿಯ ಮೇಲೆ ನಿಲ್ಲಿಸಿಕೊಂಡು ನಾವು ನೋಡಿದೆವು. ಹೊಗೆ ಮೇಲೇಳಲಿಲ್ಲ. ಗದ್ದೆಯ ಮೇಲೆ ಚಾಪೆ ಹಾಸಿದ ಹಾಗೆ ಹರಡಿಕೊಂಡು, ಮೆಲ್ಲಗೆ ತೆವಳಿ, ಕೇರಿಯ ಮನೆಗಳ ಸೂರು ಮಾತ್ರ ಕಾಣುವಷ್ಟು ತುಂಬಿ ನಿಂತಿತು. ಮೇಲುಬೀದಿಗೆ ಅದರ ವಾಸನೆಯೂ ಬರಲಿಲ್ಲ. ಕೇರಿಯಲ್ಲಿ ಯಾರೋ ಕೆಮ್ಮುವುದು ಕೇಳಿಸಿತು.

ಗೌಡರು ಮಂಚಯ್ಯನನ್ನು ಕರೆಸಿ, ನಾವೆಲ್ಲ ನೋಡುತ್ತಿದ್ದಂತೆ ಎಲೆ ಅಡಿಕೆ ಕೈಗಿಟ್ಟರು.

"ಲೇ ಮಂಚ, ಇದು ಇವತ್ತಿನ ವೀಳ್ಯ ಅಲ್ಲ ಕಣ್ಲಾ. ಆ ಗ್ಯಾಸು ಯಾವತ್ತು ಬತ್ತದೋ ಆವತ್ತಿಂದು. ನನ್ನ ಕೇಳಾಕೆ ಬರ್ಬ್ಯಾಡ. ನಿಮ್ಮ್ ಕೇರಿಯಿಂದ್ಲೇ ಸುರು ಮಾಡ್ಬುಡು."

ಪದ್ಧತಿಯೂ ಮುರಿಯಲಿಲ್ಲ, ದಾರಿಯೂ ಸಿಕ್ಕಿತು. ಕಚೇರಿಯಲ್ಲಿ ನಾವು ಕಾಯಂ ಆದೇಶ ಎನ್ನುತ್ತೇವಲ್ಲ, ಅದನ್ನು ಗೌಡರು ಒಂದು ಎಲೆಯಲ್ಲಿ ಮುಗಿಸಿದ್ದರು. ಖುಷಿಯಲ್ಲಿ ಯೋಜನೆಯ ಅನುಬಂಧದಲ್ಲಿ "ಮುಂಗಡವಾಗಿ ವೀಳ್ಯ ನೀಡಲಾಗಿದೆ" ಎಂದು ಬರೆದುಬಿಟ್ಟೆ. ಮೇಲಿನ ಕಚೇರಿಯಿಂದ, ಸದರಿ ವೀಳ್ಯವನ್ನು ಯಾವ ನಿಯಮದಡಿ ನೀಡಲಾಗಿದೆ, ಸ್ಪಷ್ಟೀಕರಿಸಿ ಎಂದು ಕಾಗದ ಬಂತು. ಸಾಹೇಬರು ತಾವೇ ಉತ್ತರ ಬರೆದರು. ಗ್ರಾಮದ ರೂಢಿಯಂತೆ ಎಂದು.

ಎಲ್ಲಿಗೆ ಹೋಗಬೇಕೆಂಬುದನ್ನೂ ತೀರ್ಮಾನ ಮಾಡಿಕೊಂಡೆವು. ಮೇಲುಬೀದಿಯ ಹಿಂದೆ ಸ್ಕೂಲಿರುವ ಬೋರೆಯೇ ಊರಿನಲ್ಲಿ ಎತ್ತರದ ಜಾಗ. ಒದ್ದೆ ಬಟ್ಟೆ ಮೂಗಿಗೆ ಹಿಡಿದು ಅಲ್ಲಿಗೆ ಹತ್ತಬೇಕು, ಹೊಳೆ ಕಡೆ ಇಳಿಯಬಾರದು. ನಾನು ಮನೆಮನೆಗೆ ಹೋಗಿ ಪಟ್ಟಿ ಮಾಡಿದೆ. ಕೇರಿಯ ಹೆಣ್ಣುಮಕ್ಕಳು ಒಂದು ಸಲ ದಾರಿ ಹತ್ತಿ ಇಳಿದು ನೋಡಿದರು. ಕೊಪ್ಪಲಿನಲ್ಲಿ ಎರಡನೇ ಅಣಕು ಆಯಿತು. ಈ ಸಲ ಕೇರಿ ಖಾಲಿಯಾಗಲು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಅದಾಗಿ ಒಂದು ವರ್ಷವಿರಬೇಕು. ನಾಟಿ ಕಾಲ. ಬೆಳಿಗ್ಗೆ ನಾನು ಕಚೇರಿಗೆ ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಕೊಪ್ಪಲಿನ ಅಂಚೆ ಮನೆಯಿಂದ ಫೋನು ಬಂತು. ಪಂಪ್‌ಹೌಸಿನ ಒಂದು ಸಿಲಿಂಡರಿನ ವಾಲ್ವು ಸೋರುತ್ತಿದೆ, ಶಿವಲಿಂಗು ಮಾಸ್ಕು ಹಾಕಿಕೊಂಡು ಒಳಗೆ ಹೋಗಿದ್ದಾನೆ ಎಂದು. ಸಾಹೇಬರೂ ನಾನೂ ಜೀಪು ಹತ್ತಿದೆವು. ನಾನು ಬರೆದದ್ದು ಕಾಗದವೋ ಯೋಜನೆಯೋ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಗಬೇಕಿತ್ತು. ಕೇರಿಯಲ್ಲಿ ಕಂಡ ಒಂದೊಂದು ಮುಖವೂ ಕಣ್ಣ ಮುಂದೆ ಬರುತ್ತಿತ್ತು.

ಹಿಂಬದಿಯಿಂದ ಬೋರೆ ಹತ್ತಿದೆವು. ಸ್ಕೂಲಿನ ಅಂಗಳ ತುಂಬಾ ಜನ. ಕೇರಿಯವರೂ ಮೇಲುಬೀದಿಯವರೂ ಒದ್ದೆ ಟವಲು, ಸೆರಗು ಹಿಡಿದು ಒಟ್ಟಿಗೇ ಕೂತಿದ್ದರು. ಗೌಡರ ಹೆಂಡತಿ ಕೊಳಗದಲ್ಲಿ ನೀರು ತಂದು ಎಲ್ಲರ ಕಣ್ಣು ತೊಳೆಸುತ್ತಿದ್ದರು. ಪಂಪ್‌ಹೌಸಿನ ಕೂಗು ಕೇಳಿದ ಕೂಡಲೇ ಮಂಚಯ್ಯ ನಿಂತಲ್ಲೇ, ತಮ್ಮ ಬಾಗಿಲಲ್ಲೇ ತಮಟೆ ಬಡಿದಿದ್ದರು. ಯಾರ ಜಗಲಿಗೂ ಓಡಲಿಲ್ಲ. ನಾನು ಪಟ್ಟಿ ತೆಗೆದು ಹೆಸರು ಕೂಗತೊಡಗಿದೆ. ಒಬ್ಬೊಬ್ಬರೂ ಓ ಅಂದ ಹಾಗೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಸಣ್ಣಮ್ಮ ಎಂದೆ. ಯಾರೂ ಓ ಅನ್ನಲಿಲ್ಲ.

ಕೇರಿಯ ಕೊನೆಯ ಮನೆಯಲ್ಲಿ ಒಂಟಿಯಾಗಿದ್ದ ಮುದುಕಿ. ಪಕ್ಕದಲ್ಲಿದ್ದ ಹೆಂಗಸು ಹಣೆ ಚಚ್ಚಿಕೊಂಡು ಹೇಳಿದಳು, ಅವಳಿಗೆ ಕಿವಿಯೇ ಕೇಳಿಸುವುದಿಲ್ಲ ಎಂದು. ಪಟ್ಟಿ ಮಾಡುವಾಗ ಆ ಮುದುಕಿ ನನ್ನ ಪ್ರಶ್ನೆಗೆಲ್ಲ ನಗುತ್ತಾ ತಲೆಯಾಡಿಸಿದ್ದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡು ಮುಂದಿನ ಮನೆಗೆ ಹೋಗಿದ್ದೆ. ಎರಡನೇ ಅಣಕಿನ ದಿನ ಪಟ್ಟಿ ಹಿಡಿದು ಹೆಸರು ಕೂಗಿ ನೋಡಿರಲೂ ಇಲ್ಲ. ತಮಟೆಯನ್ನು ನಂಬಿ ಯೋಜನೆ ಬರೆದವನು, ತಮಟೆ ಕೇಳಿಸದವರು ಯಾರು ಎಂದು ಒಂದು ಸಲವೂ ಕೇಳಿರಲಿಲ್ಲ. ಮಂಚಯ್ಯ ಎಲ್ಲಿ ಎಂದೆ. ಅವರೂ ಇರಲಿಲ್ಲ. ಗೌಡರೂ ಇರಲಿಲ್ಲ.

ಆಗ ಮೇಲುಬೀದಿಯ ತಿರುವಿನಲ್ಲಿ ಇಬ್ಬರು ಕಂಡರು. ಕಂಬಳಿಯೊಂದರ ಎರಡು ತುದಿ ಹಿಡಿದು, ಅದರಲ್ಲಿ ಮುದುಕಿಯನ್ನು ಕೂರಿಸಿಕೊಂಡು, ಕೆಮ್ಮುತ್ತಾ ಹತ್ತಿ ಬರುತ್ತಿದ್ದರು. ಮುಂದಿನ ತುದಿ ಮಂಚಯ್ಯನದು, ಹಿಂದಿನದು ಕೆಂಚೇಗೌಡರದು. ಮುದುಕಿಯ ಮುಖಕ್ಕೆ ಗೌಡರ ಒದ್ದೆ ಪೇಟ ಸುತ್ತಿತ್ತು. ಆಮೇಲೆ ಕೇಳಿದೆ, ಸಣ್ಣಮ್ಮ ಹತ್ತಲಿಲ್ಲವಲ್ಲ ಎಂದು ಮಂಚಯ್ಯ ವಾಪಸು ಇಳಿದಾಗ ಗೌಡರೂ ಹಿಂದೆಯೇ ಇಳಿದರಂತೆ. ಅರವತ್ತು ವರ್ಷ ಆ ಊರಿನಲ್ಲಿ ಬದುಕಿದ ಮನುಷ್ಯ ಕೇರಿಯ ಒಂದು ಮನೆಯ ಹೊಸಿಲು ದಾಟಿದ್ದು ಅದೇ ಮೊದಲು.

ಅಷ್ಟರಲ್ಲಿ ಶಿವಲಿಂಗು ಸಿಲಿಂಡರನ್ನು ಸುಣ್ಣದ ತೊಟ್ಟಿಗೆ ಉರುಳಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿಳಿಯಾಯಿತು. ಗದ್ದೆಯ ಪೈರು ಸುಟ್ಟಂತೆ ಬೆಳ್ಳಗಾಗಿತ್ತು. ಕೇರಿಯ ಮನೆಗಳ ಮುಂದಿನ ಸೊಪ್ಪೂ ಅಷ್ಟೆ. ಮನುಷ್ಯರಲ್ಲಿ ಕೆಲವರಿಗೆ ಕಣ್ಣುರಿ, ಕೆಮ್ಮು. ಅವರನ್ನು ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಿದೆವು. ಎಲ್ಲರೂ ಎರಡು ದಿನದಲ್ಲಿ ಮನೆಗೆ ಬಂದರು.

ಸಂಜೆ ನಾನು ಸ್ಕೂಲಿನ ಮೆಟ್ಟಿಲ ಮೇಲೆ ಕೂತು ಪಟ್ಟಿ ಬಿಚ್ಚಿದೆ. ಕಿವಿ ಕೇಳಿಸದವರು, ನಡೆಯಲಾಗದವರು, ಬಾಣಂತಿಯರು ಎಂದು ಹೊಸ ಅಂಕಣ ಎಳೆದು, ಪ್ರತಿ ಹೆಸರಿನ ಎದುರು "ಕರೆದೊಯ್ಯುವವರು" ಎಂದು ಬರೆದುಕೊಂಡೆ. ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಮೊದಲ ಸಾಲು ಸಣ್ಣಮ್ಮನದು. ಎದುರಿಗೆ ಮಂಚಯ್ಯ ಎಂದು ಬರೆಯಲು ಪೆನ್ನು ಇಟ್ಟೆ. ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ ಗೌಡರು ಕೈ ಅಡ್ಡ ಹಿಡಿದರು. ಅವರ ಕಣ್ಣು ಇನ್ನೂ ಕೆಂಪಗಿತ್ತು.

"ಅವ್ನ ಕೈ ತಮಟೆ ಮೇಲಿರ್ತದೆ ಗುಮಾಸ್ತರೇ. ಆಯಮ್ಮನ ಮುಂದೆ ನನ್ನೆಸ್ರು ಬರ್ಕಳಿ. ಮನೆ ಎಲ್ಲದೆ ಅಂತ ಈಗ ನಂಗೆ ಗೊತ್ತಾಯ್ತು."